ಚೀಲದ ಬಾಯಿಯ ಕಾಯಿ

ಜನವರಿ 8, 2007. ಸೋಮವಾರ. ಬೆಳಿಗ್ಗೆ 5.40

ಸ್ನಾನ ಆಯಿತು. ಜೆಲ್ಲೂ ಆಯಿತು. ಬಾಟಲಿಯಿಂದ ದಿನಕ್ಕೆ ಎರಡು ಒತ್ತು, ತೋಳಿಗೆ. ಅಂಗೈ ತಾಗಿಸುವ ಹಾಗಿಲ್ಲ — ನಿನ್ನೆ ತೊಟ್ಟು ಬಿಡಿಸಿದ ಕಾಯಿಯ ಖಾರ ಮೂರು ಸಲ ಸೋಪು ಹಚ್ಚಿದರೂ ಬೆರಳಲ್ಲೇ ಕೂತಿದೆ. ಮೊದಲ ದಿನ ಗೊತ್ತಿಲ್ಲದೆ ಅಂಗೈಯಿಂದ ತಿಕ್ಕಿ, ತೋಳು ಉರಿದು, ಹಿತ್ತಲಲ್ಲಿ ಕುಣಿದಾಡಿದ್ದೆ. ಆಮೇಲೆ ನಮ್ಮ ಮನೆಯ ಪದ್ಧತಿ ಹಿಡಿದೆ. ಅತ್ತೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ರೀತಿ: ಮೊಣಕೈಯ ಒಳಮಡಿಕೆಗೆ ಹಾಕಿಕೊಂಡು, ಮಡಿಕೆಗೆ ಮಡಿಕೆ ತಿಕ್ಕುವುದು. ಮೆಣಸಿನಕಾಯಿ ಮನೆಯ ಹೆಂಗಸರಿಗೆ ಅಂಗೈ ಇದ್ದೂ ಇಲ್ಲ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತಾರೆ. ಹಾಗನ್ನುವವರು ಒಂದು ದಿನ ಬಂದು ತೊಟ್ಟು ಬಿಡಿಸಲಿ.

ಇವತ್ತು ಪೇಟೆ. ಅಂಗಡಿಯಲ್ಲಿ ರೈತರು ತಂದ ಚೀಲಗಳ ಲಾಟು ನೋಡಬೇಕು. ಇವರು ದಲಾಲಿ ಮಾಡಲಿ, ಕಾಯಿಯ ಗುಣ ಹೇಳುವುದು ಮಾತ್ರ ನಾನು. ಇಪ್ಪತ್ತೆರಡು ವರ್ಷದಿಂದ.

ರಾತ್ರಿ ಚೆನ್ನಾಗಿ ನಿದ್ದೆ ಬಂತು. ಒಂದೇ ಸಲ ಎಚ್ಚರ.

ಜನವರಿ 10, ಬುಧವಾರ. ಮಧ್ಯಾಹ್ನ

ರಾಣೆಬೆನ್ನೂರಿಗೆ ಹೋಗಿ ರಕ್ತ ಕೊಟ್ಟು ಬಂದೆ. ಹಾವೇರಿಯ ಪದ್ಮಜಾ ಡಾಕ್ಟರು ಬರೆದುಕೊಟ್ಟ ಪರೀಕ್ಷೆ. ಐದು ವರ್ಷದ ಹಿಂದೆ ಗರ್ಭಕೋಶ, ಅಂಡಕೋಶ ಎರಡನ್ನೂ ತೆಗೆಸಿದ್ದಾಯಿತಲ್ಲ, ನಲವತ್ತಾರಕ್ಕೇ ಮುಟ್ಟು ನಿಂತಿತು. ಆಮೇಲೆ ಶುರುವಾದದ್ದು ಆ ಬಿಸಿ. ಎದೆಯಿಂದ ಏರಿ ನೆತ್ತಿಗೆ. ಬೆವರು. ಎದ್ದು ಕೂರುವುದು. ಡಿಸೆಂಬರಿನಲ್ಲೂ ಫ್ಯಾನು ಐದಕ್ಕೆ. ಇವರು ಚಳಿ ತಾಳದೆ ಎರಡು ವರ್ಷದ ಹಿಂದೆ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದವರು, ಹಾಗೇ ಅಲ್ಲೇ ಇದ್ದಾರೆ. ನಿದ್ದೆಗೆಟ್ಟ ಕಣ್ಣಲ್ಲಿ ಒಂದು ಸಲ ಎರಡನೇ ದರ್ಜೆ ಕಾಯಿಯನ್ನು ಒಂದನೇ ದರ್ಜೆ ಎಂದುಬಿಟ್ಟೆ. ಅವತ್ತು ಅಂಗಡಿಯ ಹಿಂದೆ ಕೂತು ಅತ್ತಿದ್ದೆ.

ಅಕ್ಟೋಬರಿನಲ್ಲಿ ಈ ಹಾರ್ಮೋನು ಜೆಲ್ ಬಂತು. ನಾನು ಮತ್ತೆ ಮನುಷ್ಯಳಾದೆ.

ಆದರೆ ಮಧ್ಯಾಹ್ನ ಒಂದೆರಡು ಸಲ ಬಿಸಿ ಇನ್ನೂ ಬರುತ್ತದೆ. ಡಾಕ್ಟರು, "ರಕ್ತದಾಗ ಹಾರ್ಮೋನು ಎಷ್ಟದ ನೋಡೋಣ್ರಿ. ಕಡಿಮಿ ಇದ್ರ ಇನ್ನೊಂದು ಒತ್ತು ಏರಿಸೋಣ" ಎಂದಿದ್ದರು.

ಲ್ಯಾಬಿನ ಅಬ್ದುಲಗನಿ ನರ ಹುಡುಕಿ ಸುಸ್ತಾದ. "ಅಕ್ಕಾರ, ನಿಮ್ಮ ನರ ಭಾಳ ನಾಚ್ತಾವ ನೋಡ್ರಿ." ಕೊನೆಗೆ ಎಡ ಮೊಣಕೈ ಮಡಿಕೆಯಲ್ಲಿ ಸಿಕ್ಕಿತು. ಹತ್ತಿಯಿಂದ ಒರೆಸಿ, ಚುಚ್ಚಿದ. ರಕ್ತ ಬೆಂಗಳೂರಿಗೆ ಹೋಗುತ್ತದಂತೆ.

ಜನವರಿ 16, ಮಂಗಳವಾರ

1460.

ಐವತ್ತು, ಅರವತ್ತು, ಹೆಚ್ಚೆಂದರೆ ನೂರು ಇರಬೇಕಾದ ಜಾಗದಲ್ಲಿ. ಡಾಕ್ಟರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. "ಇಷ್ಟು ಬಸುರಿದ್ದವರಿಗೆ ಇರ್ತದರಿ" ಎಂದರು. ಪಕ್ಕದಲ್ಲಿ ಕೂತಿದ್ದ ಇವರ ಮುಖ ನೋಡಬೇಕಿತ್ತು.

"ಗರ್ಭಕೋಶನ ಇಲ್ಲಲ್ರಿ ಡಾಕ್ಟರ್ರ..."

"ಹಂಗಲ್ರಿ ಶೇಖಪ್ಪನವರ. ಔಷಧ ಭಾಳ ಏರೇದ ಅಂತ ಅರ್ಥ. ಸದ್ಯಕ್ಕ ಬಂದ್ ಮಾಡ್ರಿ. ಒಂದು ವಾರ ಬಿಟ್ಟು ಬರ್ರಿ."

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ತಿರುಗಿ ಕೂತರು. ಮೋಟೆಬೆನ್ನೂರು ದಾಟಿದ ಮೇಲೆ, "ಪೇಪರಿನ್ಯಾಗ ಬಂದಿತ್ತು ಶಾರದಾ, ಇದರಿಂದ ಕ್ಯಾನ್ಸರ್ ಬರತೈತಂತ" ಎಂದರು. ಎಂದೋ ಓದಿ, ಇಷ್ಟು ದಿನ ನುಂಗಿಕೊಂಡಿದ್ದಾರೆ.

ನನಗೂ ಹೆದರಿಕೆ ಇಲ್ಲವೆಂದಲ್ಲ. ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಎದೆಯ ಫೋಟೋ ತೆಗೆಸುತ್ತೇನೆ. ಆದರೆ ಖರೇ ಹೇಳಬೇಕೆಂದರೆ, ಅದಕ್ಕಿಂತ ದೊಡ್ಡ ಹೆದರಿಕೆ ಜೆಲ್ ಇಲ್ಲದೆ ಮತ್ತೆ ಆ ಹಳೆಯ ಶಾರದವ್ವ ಆಗುವುದು.

ಜನವರಿ 19, ಶುಕ್ರವಾರ. ಬೆಳಿಗ್ಗೆ

ಬಂತು. ಮೂರನೇ ದಿನಕ್ಕೇ. ಆರು ಸಲ ಎದ್ದೆ.

ಹಾಲು ಉಕ್ಕಿಸಿದ್ದಕ್ಕೆ ಇವರ ಮೇಲೆ ಕೂಗಾಡಿದೆ. ಹಾಲು ಇಟ್ಟವಳು ನಾನೇ. ಇವರು ಮಂಕಿ ಟೋಪಿ ಹಾಕಿಕೊಂಡು ಬಟ್ಟೆ ತಂದು ಒಲೆ ಒರೆಸಿದರು. ಅದಕ್ಕೆ ಇನ್ನೂ ಸಿಟ್ಟು ಬಂತು.

ಜನವರಿ 22, ಸೋಮವಾರ. ಸಂಜೆ 4

ಪೇಟೆಯಿಂದ ಈಗ ಬಂದೆ. ಕೈ ಸಹ ತೊಳೆದಿಲ್ಲ, ಬರೆಯಲೇಬೇಕು.

ರೈತ ಶಂಕ್ರಪ್ಪ ಹದಿನಾಲ್ಕು ಚೀಲ ತಂದಿದ್ದ. ಬಾಯಿ ಬಿಚ್ಚಿದರೆ ಕಾಯಿ ಎಂದರೆ ಕಾಯಿ — ಉದ್ದ, ಕಡುಗೆಂಪು, ಸುಕ್ಕು ಸುಕ್ಕು. "ನೋಡಬೇ ಅಕ್ಕಾ, ಪೇಟಿಗೇ ಒಂದನೇ ನಂಬರ್ ಮಾಲು" ಎಂದ. ನಿದ್ದೆಗೆಟ್ಟಿದ್ದರೂ ನಾನು ನಾನೇ. ಮೊಣಕೈವರೆಗೆ ಕೈ ಇಳಿಸಿ ಬುಡದಿಂದ ಒಂದು ಹಿಡಿ ಎಳೆದೆ. ಬಣ್ಣಗೆಟ್ಟ ಬಿಳಿಗಾಯಿ. ಮುರುಕು.

"ಶಂಕ್ರಪ್ಪ, ಚೀಲದ ಬಾಯಾಗಿನ ಕಾಯಿ ನೋಡಿ ಲಾಟ್ ಹೇಳಾಕ ನಾ ನಿನ್ನೆ ಮೊನ್ನೆ ಬಂದಾಕಿ ಅಲ್ಲೋ!"

ಅವನು ನಕ್ಕ. ನಾನು ನಗಲಿಲ್ಲ. ಕೈ ಹೊರಗೆ ತೆಗೆದಾಗ ಮೊಣಕೈ ಮಡಿಕೆ ತುಂಬ ಕೆಂಪು ಪುಡಿ ಮೆತ್ತಿಕೊಂಡಿತ್ತು. ಅದೇ ಮಡಿಕೆ. ಬೆಳಿಗ್ಗೆ ಜೆಲ್ ತಿಕ್ಕುತ್ತಿದ್ದದ್ದು ಅಲ್ಲಿ. ಅಬ್ದುಲಗನಿ ಚುಚ್ಚಿದ್ದೂ ಅಲ್ಲಿ.

ರಕ್ತ ಕೊಟ್ಟ ದಿನವೂ ಐದೂವರೆಗೆ ಹಚ್ಚಿಕೊಂಡೇ ಬಸ್ಸು ಹತ್ತಿದ್ದೆ! ಸೂಜಿ ಅದೇ ಜೆಲ್ಲನ್ನು ದಾಟಿ ಒಳಗೆ ಹೋಗಿರಬೇಕು. 1460 ನನ್ನ ಮೈಯದಲ್ಲ, ಚೀಲದ ಬಾಯಿಯದು. ನಿಜಕ್ಕೂ ಅಷ್ಟಿದ್ದಿದ್ದರೆ ಮಧ್ಯಾಹ್ನದ ಬಿಸಿ ಯಾಕೆ ಬರುತ್ತಿತ್ತು?

ಅಥವಾ ನನಗೆ ಬೇಕಾದ್ದನ್ನೇ ನಾನು ಹೇಳಿಕೊಳ್ಳುತ್ತಿದ್ದೇನೆಯೇ... ನಾಳೆ ಹಾವೇರಿ.

ಜನವರಿ 23, ಮಂಗಳವಾರ. ಮಧ್ಯಾಹ್ನ

ಹೇಳಲು ನಾಚಿಕೆಯಾಗಿ ಮೊದಲು ಏನೇನೋ ಮಾತಾಡಿದೆ. ಡಾಕ್ಟರೇ, "ಹೆಂಗ ಹಚ್ಕೋತೀರಿ, ತೋರಸ್ರಿ" ಎಂದರು. ಸೆರಗು ಸಿಕ್ಕಿಸಿ, ಮಡಿಕೆಗೆ ಮಡಿಕೆ ತಿಕ್ಕಿ ತೋರಿಸಿದೆ. ಬಾಯಿ ತೆರೆದು ನೋಡುತ್ತ ಕೂತರು.

"ಅಂಗೈಲೆ ಯಾಕ ಹಚ್ಕೊಳ್ಳಂಗಿಲ್ಲ?"

ನನ್ನ ಅಂಗೈ ಅವರ ಮೂಗಿನ ಹತ್ತಿರ ಹಿಡಿದೆ. ಮೂರು ಸೀನು.

ಆಮೇಲೆ ನಕ್ಕರು ನೋಡು, ಹೊರಗೆ ಕೂತಿದ್ದ ರೋಗಿಗಳು ಬಾಗಿಲಲ್ಲಿ ಇಣುಕಿದರು. ನಕ್ಕು ಕಣ್ಣೊರೆಸಿಕೊಂಡು, "ತಪ್ಪು ನಂದರಿ ಶಾರದವ್ವ. ತೋಳಿಗೆ ಹಚ್ಚರಿ ಅಂದೆ, ತೋಳಂದ್ರ ಎಲ್ಲಿ ಅಂತ ತೋರಸಲಿಲ್ಲ. ಅಂಕಿ ಒಂದ ನೋಡಿ ಗಾಬರಿ ಆದೆ. ಬಿಸಿ ಇನ್ನೂ ಬರ್ತದ ಅಂತ ನೀವ ಹೇಳಿದ್ರಿ. ಅದನ್ನೂ ಕೂಡಿಸಿ ನೋಡಬೇಕಾಗಿತ್ತು" ಎಂದರು.

ಡಾಕ್ಟರು ತಪ್ಪೊಪ್ಪಿಕೊಂಡದ್ದು ಇದೇ ಮೊದಲು ನೋಡಿದ್ದು.

ಇನ್ನು ಮೇಲೆ ತೊಡೆಗೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು. ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ, ತೋಳು ಸೋಪಿನಿಂದ ತೊಳೆದುಕೊಂಡು. ಅಂಕಿ ಪರೀಕ್ಷೆಯ ಮಾರ್ಕಲ್ಲವಂತೆ, ಹೆಚ್ಚು ಬಂದಷ್ಟೂ ಒಳ್ಳೆಯದು ಎನ್ನಲು. ಬಿಸಿ ಇಳಿಯಬೇಕು, ಔಷಧ ಆದಷ್ಟು ಕಡಿಮೆ ಇರಬೇಕು, ಅಷ್ಟೇ.

"ಕ್ಯಾನ್ಸರ್?" ಎಂದು ಕೇಳಿಯೇಬಿಟ್ಟೆ. ಇವರು ಕೇಳಲಿ ಎಂದು ಕಾದಿದ್ದು ಸಾಕಾಗಿತ್ತು.

"ಅಪಾಯ ಏನೂ ಇಲ್ಲ ಅಂತ ನಾ ಸುಳ್ಳು ಹೇಳಂಗಿಲ್ರಿ. ಅದಕ್ಕ ವರ್ಷಾ ಎದಿ ಪರೀಕ್ಷಾ ತಪ್ಪಸಬ್ಯಾಡ್ರಿ, ಇನ್ನೂ ಬೇಕೋ ಬ್ಯಾಡೋ ಅಂತ ವರ್ಷಾ ಇಬ್ಬರೂ ಕೂತು ಮಾತಾಡೋಣ. ನಿಮಗ ಅಂಡಕೋಶ ಲಗೂ ಹೋತು. ನಿಮ್ಮ ವಿಷಯದಾಗ ಉಪಯೋಗನ ಹೆಚ್ಚು ಅನಸ್ತದ ನನಗ."

ಇವರು ತಲೆ ಆಡಿಸಿದರು. ನನಗಿಂತ ಹೆಚ್ಚು ಸಲ.

ಫೆಬ್ರವರಿ 14, ಬುಧವಾರ

ರಾಣೆಬೆನ್ನೂರು. ಲ್ಯಾಬಿನ ನಲ್ಲಿಯಲ್ಲಿ ಭುಜದವರೆಗೆ ತೊಳೆದೆ. ಮತ್ತೊಮ್ಮೆ. ಅಬ್ದುಲಗನಿ ಟವಲು ಹಿಡಿದು ನಿಂತು, "ಅಕ್ಕಾರ, ರಕ್ತ ಕೊಡಾಕ ಬಂದೀರೋ, ನಮಾಜಿಗೆ ಬಂದೀರೋ?" ಎಂದ.

ಈ ಸಲ ನರ ನಾಚಲಿಲ್ಲ.

ಫೆಬ್ರವರಿ 20, ಮಂಗಳವಾರ

62.

ಅರವತ್ತೆರಡು! ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮತ್ತೆ ಮತ್ತೆ ನೋಡಿದೆ. ಒತ್ತು ಎರಡೇ ಇರಲಿ ಎಂದರು ಡಾಕ್ಟರು. ತೊಡೆಗೆ ಹಚ್ಚತೊಡಗಿದ ಮೇಲೆ ಮಧ್ಯಾಹ್ನದ ಬಿಸಿಯೂ ಹೋಗಿದೆ. ಹೆಚ್ಚು ಚರ್ಮಕ್ಕೆ ಹರಡುವುದರಿಂದಲೋ ಏನೋ, ಖಚಿತವಾಗಿ ಅವರಿಗೂ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಹೇಳಿದರು.

ಹಗುರಾಯಿತು. ಇವರು ಎರಡು ಪ್ಲೇಟು ಮಿರ್ಚಿ ತಂದರು. ದಿನವೆಲ್ಲ ಮೆಣಸಿನಕಾಯಿಯಲ್ಲಿ ಇರುವವರು ಖುಷಿಯಾದರೂ ಮೆಣಸಿನಕಾಯಿಯನ್ನೇ ತಿನ್ನಬೇಕು. ತಿಂದೆವು.

ಫೆಬ್ರವರಿ 21, ಬುಧವಾರ. ರಾತ್ರಿ 8.50

ಊಟ ಆಯಿತು. ಎಂದಿನಂತೆ ಫ್ಯಾನು ಐದಕ್ಕಿಟ್ಟು ಬರೆಯಲು ಕೂತೆ. ಸ್ವಲ್ಪ ಹೊತ್ತಿಗೆ ಕಾಲು ಜುಮ್ಮೆಂದಿತು. ಏನು ಎಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು — ಚಳಿ! ನನಗೆ ಚಳಿಯಾಗುತ್ತಿದೆ. ಎರಡು ವರ್ಷದ ಮೇಲೆ.

ಬಾಗಿಲಲ್ಲಿ ಇವರು. ಬಗಲಲ್ಲಿ ಸುತ್ತಿದ ಹಾಸಿಗೆ, ಮೇಲೆ ಕೌದಿ, ತಲೆಗೆ ಅದೇ ಟೋಪಿ. ಹೊಸದಾಗಿ ಬೀಗರ ಮನೆಗೆ ಬಂದವರ ಹಾಗೆ ನಿಂತಿದ್ದಾರೆ.

"ಪಡಸಾಲ್ಯಾಗ ಸೊಳ್ಳಿ ಭಾಳ ಆಗ್ಯಾವು."

ಸೊಳ್ಳೆ ಎರಡು ವರ್ಷದಿಂದಲೂ ಇವೆ.

"ಫ್ಯಾನ್ ಒಂದೀಟು ಸಣ್ಣದು ಮಾಡ್ಲೇನು?"

"ಮಾಡ್ರಿ."

ಎರಡಕ್ಕೆ ಇಳಿಸಿದರು. ನನ್ನ ಮುಖ ನೋಡಿದರು. ಒಂದಕ್ಕೆ ಇಳಿಸಿದರು. ಈಗ ಹಾಸಿಗೆ ಬಿಚ್ಚುತ್ತಿದ್ದಾರೆ. ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಸ್ವಿಚ್ಚಿನ ಮೇಲೆ ಕೈಯಿಟ್ಟು ಲೈಟು ಆರಿಸಲೇ ಎಂದು ಕೇಳುತ್ತಿದ್ದಾರೆ, ತಡೀರಿ, ಇನ್ನೊಂದೇ ಸಾಲು ಎಂದೆ. ಬರೆಯಬೇಕೆಂದಿದ್ದ ಸಾಲು ಏನೆಂದರೆ