ಬಾಗಿಲವರೆಗೆ ಹೋಗಿ ಬರುವ ಬೆಕ್ಕು

ಉಪ್ಪುಂದ
೨೪ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಶರ್ಮಿಳಾ,

ನಿನ್ನ ಅಕ್ಕ ಕುಸುಮಳ ಆಶೀರ್ವಾದ. ರಾಘವೇಂದ್ರ ಭಾವನಿಗೂ ನಮಸ್ಕಾರ ಹೇಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಾವೆಲ್ಲ ಅಂದರೆ ನಾನು, ನನ್ನ ಹೊಲಿಗೆ ಮೆಷಿನು ಮತ್ತು ಒಂದು ಬೆಕ್ಕು.

ಎರಡೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗ ಬೆಕ್ಕಿನ ಸುದ್ದಿ ಹಿಡಿದುಕೊಂಡು ಬಂದಳಲ್ಲ ಅಂತ ನೀನು ಮುಖ ಸಿಂಡರಿಸುವುದು ಇಲ್ಲಿಗೇ ಕಾಣುತ್ತದೆ. ತಡವಾದದ್ದಕ್ಕೆ ಕ್ಷಮೆ ಇರಲಿ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಭಾವ ಎತ್ತಿ "ಅವ್ಳ್ ಮಿಂಬುಕ್ ಹೋಯಿದ್ಳ್" ಅನ್ನುತ್ತಾರೆ. ಬ್ರಹ್ಮಾವರದಲ್ಲಿ ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತೀ ಮರಾಯ್ತಿ? ಆದರೆ ಕಡಲೆ ಕಟ್ಟಿ ಕೊಟ್ಟ ಪೇಪರನ್ನೂ ಬಿಡಿಸಿ ಓದದೆ ಎಸೆದವಳಲ್ಲ ನೀನು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹಿತ್ತಲಿಗೆ ಮೀನಿನ ತಲೆ ತಿನ್ನಲು ಬರುತ್ತಿದ್ದ ಕೇಸರಿ ಬೆಕ್ಕು ನೀನೂ ನೋಡಿದ್ದೇ. ನಾಲ್ಕು ವರ್ಷದಲ್ಲಿ ಅದು ಒಂದು ದಿನವೂ ಹೊಸಿಲು ದಾಟಿರಲಿಲ್ಲ. ನವರಾತ್ರಿಗೆ ಎರಡು ದಿನ ಇರುವಾಗ ಹೈವೇಯಲ್ಲಿ ಸ್ಕೂಟರ್ ತಾಗಿ ಹಿಂಗಾಲು ಮುರಿಯಿತು. ಹಳೆ ಲಂಗದಲ್ಲಿ ಸುತ್ತಿ, ರಿಕ್ಷಾ ಹಿಡಿದು ಬೈಂದೂರಿಗೆ ಹೋದೆ. ಯಾಕೆ ಹೋದೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಅಲ್ಲಿನ ಡಾಕ್ಟರು ಸೌಮ್ಯಶ್ರೀ ಅಂತ, ವಂಡ್ಸೆ ಕಡೆಯ ಹುಡುಗಿ. ಚೀಟಿಯಲ್ಲಿ ಬರೆಯಲು ಬೆಕ್ಕಿನ ಹೆಸರು ಕೇಳಿದಳು. ಮೇಲೆ ಕೇಸರಿ, ಹೊಟ್ಟೆ ಬಿಳಿ. ಹೊಲಿಯುವವಳ ಕಣ್ಣಿಗೆ ಬ್ಲೌಸಿನ ಒಳಬಟ್ಟೆಯಲ್ಲದೆ ಬೇರೆ ಏನು ಕಾಣಬೇಕು? "ಲೈನಿಂಗ್" ಅಂದೆ. ನಗುತ್ತಾ ಹಾಗೇ ಬರೆದುಕೊಂಡಳು.

ಕಾಲಿನ ಎಲುಬಿಗೆ ಸರಿಗೆ ತಂತಿ ಹಾಕಿ ಕಳಿಸುವಾಗ ಮಾತ್ರ ನಗಲಿಲ್ಲ. "ಇನ್ನ್ ಇದನ್ನ ಹೊರ್ಗ್ ಬಿಡ್ಬೇಡಿ ಅಕ್ಕ. ಈ ಕಾಲಂಗೆ ಓಡುಕಾತ್ತಿಲ್ಲೆ. ರಸ್ತಿಗ್ ಹೋದ್ರೆ ಆವತ್ತೇ ಮುಗೀತ್" ಅಂದಳು. ಬೀದಿಯಲ್ಲಿ ಬೆಳೆದದ್ದಕ್ಕೆ ಮನೆ ಕಲಿಸಬೇಕು, ಕಲಿಯದಿದ್ದರೆ ಅದು ಉಳಿಯುವುದಿಲ್ಲ. ಇಷ್ಟು ಕೆಲಸ ನನ್ನ ತಲೆಗೆ ಬಿತ್ತು.

ಮುಟ್ಟಬಾರದು, ಕಣ್ಣಿಟ್ಟು ನೋಡಬಾರದು, ನೆಲದ ಮೇಲೆ ಕೂತು ನಿಮ್ಮ ಕೆಲಸ ನೀವು ಮಾಡಿಕೊಳ್ಳಿ, ಅದಾಗೇ ಬರಲಿ ಎಂದಿದ್ದಳು ಡಾಕ್ಟರು. ನಾನು ನೆಲದ ಮೇಲೆ ಕೂತು ಹುಕ್ಕು ಹಚ್ಚಲು ಶುರು ಮಾಡಿದೆ. ಅದು ಕಪಾಟಿನಡಿ ಸೇರಿದ್ದು ಆರು ದಿನ ಹೊರಗೆ ಬರಲಿಲ್ಲ. ನಾನು ಅಡುಗೆಮನೆಗೆ ಹೋದರೆ ತಟ್ಟೆ ಖಾಲಿಯಾಗುತ್ತಿತ್ತು. ನನಗೊಂದು ಹುಚ್ಚು ಕುತೂಹಲ ಹಿಡಿಯಿತು ನೋಡು. ನಾನು ಎಷ್ಟು ದೂರ ಕೂತರೆ ಅದು ನನ್ನ ಎದುರು ತಿನ್ನುತ್ತದೆ ಅಂತ ಟೇಪು ಹಿಡಿದು ಅಳೆದೆ. ಏಳನೇ ದಿನ ಹನ್ನೊಂದು ಅಡಿ. ಹತ್ತನೇ ದಿನ ಒಂಬತ್ತೂವರೆ. ಆಮೇಲೆ ನಾನೊಮ್ಮೆ ಜೋರಾಗಿ ಸೀನಿದೆ, ಮತ್ತೆ ಹನ್ನೆರಡು. ಬ್ಲೌಸಿನ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಇದೆಲ್ಲ ಬರೆದಿಟ್ಟಿದ್ದೇನೆ.

ಅದಕ್ಕೆ ಲಾರಿಯ ಹೆದರಿಕೆ ಇಲ್ಲ, ಮಿಕ್ಸಿಯ ಹೆದರಿಕೆ ಉಂಟು. ಫ್ಯಾನು ತಿರುಗುವುದನ್ನು ಕತ್ತೆತ್ತಿ ಒಂದಿಡೀ ಮಧ್ಯಾಹ್ನ ನೋಡಿತು. ಹಾಸಿಗೆಯ ಮೇಲೆ ಕಾಲಿಟ್ಟು, ಮೆತ್ತಗಾದದ್ದಕ್ಕೆ ಗಾಬರಿಯಾಗಿ ಇಳಿಯಿತು. ಉಚ್ಚೆ ಹೊಯ್ಯಲಿ ಅಂತ ಕಡಲ ತೀರದಿಂದ ಒಳ್ಳೆ ಬಿಳಿ ಹೊಯಿಗೆ ತಂದು ತಟ್ಟೆಗೆ ಹಾಕಿದರೆ ಮೂಸಿಯೂ ನೋಡದೆ ಕಟಿಂಗ್ ಚಿಂದಿಯ ಚೀಲಕ್ಕೇ ಹೋಯಿತು. ಕೊನೆಗೆ ಅದು ಮೊದಲು ಕೂರುತ್ತಿದ್ದ ಹಿತ್ತಲಿನ ತೆಂಗಿನ ಬುಡದ ಮಣ್ಣನ್ನೇ ಎರಡು ಮುಷ್ಟಿ ಬೆರೆಸಿದೆ. ಆವತ್ತಿನಿಂದ ತಟ್ಟೆಗೆ ಹೋಗುತ್ತದೆ. ಸಣ್ಣ ಸಂಗತಿಯೇ, ಆದರೆ ನನಗೆ ಬ್ಲೌಸಿಗೆ ಕಷ್ಟದ ಕತ್ತು ಕೂರಿಸಿದಷ್ಟು ಖುಷಿಯಾಯಿತು.

ಬಾಗಿಲಿನದು ಮಾತ್ರ ಬಗೆಹರಿಯಲಿಲ್ಲ. ಸಂಜೆ ಮೀನಿನ ಸ್ಕೂಟರಿನ ಹಾರನ್ ಕೇಳಿದ್ದೇ ಬಾಗಿಲಿಗೆ ಹೋಗಿ ಕೂಗಲು ಶುರು. ಬ್ಲೌಸು ಕೊಡಲು ಬಂದವರ ಕಾಲ ಸಂದಿಯಲ್ಲಿ ನುಗ್ಗಿ ಒಮ್ಮೆ ಮೆಟ್ಟಿಲವರೆಗೆ ಹೋಗಿಯೂ ಬಿಟ್ಟಿತ್ತು. ಎದುರಿಗೆ ಟ್ಯಾಂಕರ್ ಬರುತ್ತಿತ್ತು. ಸೆರಗು ಬೀಸಿ ಹಿಡಿದೆ, ಕೈಯೆಲ್ಲ ಪರಚಿತು. ಹಗಲಿಡೀ ಚಿಲಕ ಹಾಕಿಟ್ಟೆ. ಹೌದು ಶರ್ಮಿ, ಅದೇ ಚಿಲಕ. ಈ ಸಾಲು ಬರೆಯುವಾಗ ಪೆನ್ನು ನಿಂತಿತು. ಈಗ ಒಂದು ಲೋಟ ನೀರು ಕುಡಿದು ಬಂದೆ.

ಅಮ್ಮನಿಗೆ ಮರೆವು ಹೆಚ್ಚಾದ ಆ ವರ್ಷ ನಾನು ಬಾಗಿಲಿಗೆ ಚಿಲಕ ಹಾಕಿಡುತ್ತಿದ್ದೆ. ನೀನೊಂದು ದಿನ ಹೇಳದೆ ಬಂದಾಗ ಚಿಲಕ ಹೊರಗಿನಿಂದ ಬಿದ್ದಿತ್ತು, ಒಳಗೆ ಅಮ್ಮ ಬಾಗಿಲು ಬಡಿಯುತ್ತಿದ್ದಳು, ನಾನು ಬಟ್ಟೆ ಕೊಡಲು ಹೋಗಿದ್ದೆ. ಅದನ್ನು ನೀನು ಮನಸ್ಸಿನಲ್ಲಿಟ್ಟುಕೊಂಡು ಅವಳು ತೀರಿಕೊಂಡ ಹನ್ನೊಂದರ ದಿನ, ನೆಂಟರೆಲ್ಲ ಎಲೆ ಮುಂದೆ ಕೂತಿರುವಾಗ ಅಂದೆ: "ಅಮ್ಮನ್ನ ಕೋಳಿ ಮುಚ್ಚ್ದಂಗೆ ಮುಚ್ಚಿ ಇಟ್ಟಿದ್ಯೆ ನೀನ್." ಒಂದು ವಾರ ನಿನ್ನ ಮನೆಯಲ್ಲಿಟ್ಟುಕೊಂಡು ತೋರಿಸಬೇಕಿತ್ತು ಅಂತ ನಾನೂ ಅಂದೆ. ಅದೇ ಕೊನೆ, ನಾವು ಮಾತಾಡಿದ್ದು. ಆ ಜಗಳ ಮತ್ತೆ ಎತ್ತಲು ಬರೆಯುತ್ತಿಲ್ಲ. ಬೆಕ್ಕಿನದು ಮುಗಿಸುತ್ತೇನೆ, ಆದರೆ ಈಗ ಕರೆಂಟು ಹೋಯಿತು.

೨೭ನೇ ತಾರೀಕು, ಬುಧವಾರ

ಮದುವೆ ಬಟ್ಟೆಗಳ ಗಡಿಬಿಡಿಯಲ್ಲಿ ಪತ್ರ ಮೂರು ದಿನ ಮೆಷಿನಿನ ಡ್ರಾಯರಿನಲ್ಲೇ ಉಳಿಯಿತು. ಎಲ್ಲಿಗೆ ನಿಲ್ಲಿಸಿದ್ದೆ? ಬಾಗಿಲಿಗೆ.

ಪಕ್ಕದ ಮನೆಯ ವನಜ ನಿನಗೆ ಗೊತ್ತಲ್ಲ, ಎಲ್ಲದಕ್ಕೂ ಅವಳ ಹತ್ತಿರ ಒಂದು ಮದ್ದು ಉಂಟು. "ಕಾಲಿಗ್ ಎಣ್ಣಿ ಹಚ್ಚಿ ಒಲಿಗ್ ಮೂರ್ ಸುತ್ತ್ ಹಾಕ್ಸಿ ಅಕ್ಕ. ಎಣ್ಣಿ ನೆಕ್ಕಿ ನೆಕ್ಕಿ ಈ ಮನಿ ವಾಸ್ನಿ ಅದ್ರ ಹೊಟ್ಟಿಗ್ ಹೋತ್ತ್. ಮತ್ತ್ ಎಲ್ಲಿಗೂ ಹೋತಿಲ್ಲೆ" ಅಂದಳು. ಒಲೆ ಎಲ್ಲಿಂದ ತರುವುದು? ನಾನು ತೆಂಗಿನೆಣ್ಣೆ ಹಚ್ಚಿ ಗ್ಯಾಸ್ ಸಿಲಿಂಡರಿಗೆ ಮೂರು ಸುತ್ತು ಹಾಕಿಸಿದೆ. ಹಳೆ ಮದ್ದನ್ನು ಅರ್ಧ ನಂಬಿ ಅರ್ಧ ನಗುತ್ತಾ ಮಾಡಿದರೆ ಏನಾಗುತ್ತದೋ ಅದೇ ಆಯಿತು. ಲೈನಿಂಗ್ ನನ್ನ ಕೈಯಿಂದ ಹಾರಿ, ಕಟಿಂಗ್ ಟೇಬಲ್ಲಿನ ಮೇಲಿದ್ದ ಮದುಮಗಳ ರೇಷ್ಮೆ ಬ್ಲೌಸ್ ಪೀಸಿನ ಮೇಲೆ ನಾಲ್ಕು ಹೆಜ್ಜೆ ಇಟ್ಟು ಹೋಯಿತು. ಆ ಹುಡುಗಿಯ ತಾಯಿ ಅಮಿತಾಗೆ ಫೋನು ಮಾಡಿ ಸತ್ಯ ಹೇಳಿದೆ. ಸಿಟ್ಟಾಗುತ್ತಾಳೆ ಅಂತಿದ್ದರೆ, ಹೆಜ್ಜೆ ಎಷ್ಟು ದೊಡ್ಡದು, ತೋಳಿನ ಮಡಿಕೆಯೊಳಗೆ ಹೋಗುತ್ತದಾ ಅಂತ ಕೇಳಿದಳು. ಎರಡು ಹೋದವು, ಇನ್ನೆರಡನ್ನು ಸೀಮೆಸುಣ್ಣದ ಪುಡಿ ಹಾಕಿ ತೆಗೆದೆ.

ಮಾರನೇ ಬೆಳಿಗ್ಗೆ ಕಿಟಕಿ ತೆರೆದಾಗ ಬಿಸಿಲು ಓರೆಯಾಗಿ ಕಪ್ಪು ನೆಲದ ಮೇಲೆ ಬಿತ್ತು. ನೆಲದ ತುಂಬಾ ಎಣ್ಣೆ ಹೆಜ್ಜೆಗಳು ಹೊಳೆಯುತ್ತಿದ್ದವು. ಒರೆಸಲು ಬಟ್ಟೆ ತಂದವಳು ಹಾಗೇ ನಿಂತೆ. ಇಡೀ ರಾತ್ರಿ ಇದು ಏನು ಮಾಡುತ್ತದೆ ಅಂತ ಆರು ವಾರದಿಂದ ತಲೆ ಕೆಡಿಸಿಕೊಂಡಿದ್ದೆನಲ್ಲ, ಎದುರಿಗೇ ಬರೆದಿಟ್ಟಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮಂಡಿಯೂರಿ ಒಂದೊಂದೇ ಹೆಜ್ಜೆಗೆ ಗೆರೆ ಎಳೆಯುತ್ತಾ ಹೋದೆ. ಕಪಾಟಿನಿಂದ ಮುಂದಿನ ಬಾಗಿಲು, ಅಲ್ಲಿಂದ ಕಿಟಕಿ, ಹಿಂದಿನ ಬಾಗಿಲು, ವಾಪಸು ಕಪಾಟು. ಮತ್ತೆ ಅದೇ ದಾರಿ. ಐದಾರು ಸುತ್ತು ಇರಬಹುದು. ಮರದ ಮೇಲೆ ಉಗುರಿನ ಒಂದು ಗೀರೂ ಇರಲಿಲ್ಲ. ಬಾಗಿಲ ಹತ್ತಿರ ಮುಂಗಾಲು ಎರಡೂ ಜೋಡಿಸಿ ಕೂತ ಗುರುತು, ಆಮೇಲೆ ತಿರುಗಿ ಬಂದ ಗುರುತು, ಅಷ್ಟೇ. ಓಡಿಹೋಗುವ ಆಸೆ ಇದ್ದದ್ದು ಹೀಗೆ ಸಾಲಾಗಿ ತಿರುಗಿ ಬರುತ್ತದಾ?

ಡಾಕ್ಟರಿಗೆ ಫೋನು ಮಾಡಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ ಅಂದದ್ದಕ್ಕೆ ಮೊದಲು ನಕ್ಕಳು, ಆಮೇಲೆ ಕೇಳಿಸಿಕೊಂಡಳು. "ಅದು ತನ್ನ ಜಾಗಿ ಕಾಂಬುಕ್ ಹೋಪ್ದ್ ಅಕ್ಕ. ಬಾಗ್ಲ್ ಮುಚ್ಚಿಟ್ರೆ ಆಚಿ ಬದಿ ಎಂತ ಆತಿತ್ತ್ ಅಂದೇಳಿ ಗೊತ್ತಾತಿಲ್ಲೆ, ಅದ್ಕೇ ಕೂಗುದ್. ಕಾಂಬುಕೊಂದ್ ಜಾಗಿ ಮಾಡಿಕೊಡಿ" ಅಂದಳು.

ಹೊರಗೆ ನೋಡಲು ಜಾಗ ಮಾಡಿಕೊಟ್ಟದ್ದು ಸುಬ್ಬಣ್ಣ. ತೀರದಲ್ಲಿ ಬಲೆ ನೇಯುವ ಸುಬ್ಬಣ್ಣ, ಅಂಗಿಗೆ ಗುಂಡಿ ಹಾಕಿಸಲು ಬಂದವನು. ಕತೆ ಕೇಳಿ ಹರಿದ ಬಲೆಯೊಂದನ್ನು ಹೊತ್ತು ತಂದ. ಅದರ ಅಂಚು ಬಿಚ್ಚದ ಹಾಗೆ ನಾನು ಕ್ಯಾನ್ವಾಸ್ ಪಟ್ಟಿ ಕೊಟ್ಟು ಹೊಲಿದೆ, ಎರಡು ಸೂಜಿ ಮುರಿಯಿತು. "ಬಲೀಗ್ ಬಾರ್ಡರ್ ಇಟ್ಟದ್ದ್ ಈ ಊರಂಗೆ ನೀವೇ ಮೊದ್ಲ್" ಅಂತ ಅವನಿಗೆ ತಮಾಷೆ. ಇಬ್ಬರೂ ಸೇರಿ ಮುಂದಿನ ಜಗಲಿಯ ಕಂಬದಿಂದ ಕಂಬಕ್ಕೆ ಮಾಡಿನ ಹಂಚಿನವರೆಗೂ ಕಟ್ಟಿ, ಮೆಟ್ಟಿಲ ಹತ್ತಿರ ಬಲೆಯದೇ ಒಂದು ಗೇಟು ಇಟ್ಟೆವು.

ಕಳೆದ ಗುರುವಾರ ಚಿಲಕ ತೆಗೆದು ಬಾಗಿಲು ಪೂರಾ ತೆರೆದೆ. ಲೈನಿಂಗ್ ಹೊಸಿಲ ಮೇಲೆ ಕೂತು ಗಾಳಿ ಮೂಸಿತು. ಕುಂಟುತ್ತಾ ಹೋಗಿ ಬಲೆಯ ಉದ್ದಕ್ಕೂ ಒಮ್ಮೆ ನಡೆಯಿತು, ಮೂಲೆಗಳನ್ನು ನೋಡಿತು, ರಸ್ತೆಗೆ ಮುಖ ಮಾಡಿ ಕೂತಿತು. ಮೀನಿನ ಸ್ಕೂಟರು ಹಾರನ್ ಹೊಡೆಯುತ್ತಾ ಹೋಯಿತು. ಕಿವಿ ತಿರುಗಿಸಿತು, ಕೂಗಲಿಲ್ಲ. ಅರ್ಧ ಗಂಟೆ ಆಗಿರಬೇಕು. ಆಮೇಲೆ ಎದ್ದು, ಯಾರೂ ಕರೆಯದೆ ಒಳಗೆ ಬಂದು, ನನ್ನ ಮೆಷಿನಿನ ಪೆಡಲಿನ ಪಕ್ಕ ಮಲಗಿತು. ಅದರ ಬೆನ್ನು ನನ್ನ ಕಾಲಿಗೆ ತಾಗುತ್ತಿತ್ತು. ಅಳೆಯಲು ಏನೂ ಉಳಿದಿರಲಿಲ್ಲ.

ಖುಷಿಪಡಬೇಕಾದ ಹೊತ್ತು ಅದು. ನಾನು ಮೆಷಿನಿನ ಮೇಲೆ ತಲೆಯಿಟ್ಟು ಅತ್ತೆ. ಬ್ಲೌಸು ಕೇಳಲು ಬಂದ ವನಜ ಹೆದರಿ ನೀರು ತಂದುಕೊಟ್ಟಳು. ಬೆಕ್ಕು ಬಂತಲ್ಲ ಅಕ್ಕ, ಮತ್ತೆಂತಕೆ ಅಳುತ್ತೀರಿ ಅಂದಳು. ನಾನು ಅವಳ ಬ್ಲೌಸು ಮಡಚಿ ಕೊಟ್ಟೆ.

ಈಗ ಬಾಗಿಲು ಹಗಲಿಡೀ ತೆರೆದೇ ಇರುತ್ತದೆ. ದಿನಕ್ಕೆ ಏಳೆಂಟು ಸಲ ಹೋಗಿ ನೋಡಿ ಬರುತ್ತದೆ. ಡಾಕ್ಟರು ಮೊನ್ನೆ ಬಂದು ಕಾಲು ನೋಡಿ, ಇನ್ನು ಹೆದರಿಕೆ ಇಲ್ಲ ಅಂದಳು. ನೀನೊಮ್ಮೆ ಬಾ. ಕುಂಭಾಶಿ ದೇವಸ್ಥಾನಕ್ಕೆ ಬರುವ ದಿನ ಇಲ್ಲಿಯವರೆಗೂ ಬಸ್ಸಿದೆ. ಬಂಗುಡೆ ಪುಳಿಮುಂಚಿ ಮಾಡುತ್ತೇನೆ. ಬಾರದಿದ್ದರೂ ನಿನ್ನ ಮನೆ ತಣ್ಣಗಿರಲಿ, ಸೊಂಟದ ನೋವು ಕಡಿಮೆಯಾಗಲಿ, ಭಾವನ ಅಂಗಡಿ ಚೆನ್ನಾಗಿ ನಡೆಯಲಿ.

ನಿನ್ನ ಅಕ್ಕ,
ಕುಸುಮ

ಮತ್ತೆ ಒಂದು ಮಾತು: ಮೇಲಿನದನ್ನು ಬರೆದು ಕವರಿಗೆ ಹಾಕಿದ್ದೆ. ಅಂಟಿಸಲು ಆಗಲಿಲ್ಲ, ಹೊರಗೆ ತೆಗೆದೆ.

ಸಂಜೆಯಾದರೆ ಅಮ್ಮ ಬಾಗಿಲ ಹತ್ತಿರ ನಿಂತು "ಬಾಗ್ಲ್ ತೆಗಿ ಮಗಾ, ಕಂಡ್ಕಂಡ್ ಬತ್ತೆ" ಅನ್ನುತ್ತಿದ್ದಳು. ನೋಡಿಕೊಂಡು ಬರುತ್ತೇನೆ, ಅಷ್ಟೇ ಅವಳು ಕೇಳಿದ್ದು. ಹೈವೇಗೆ ಹೋದರೆ ತಿರುಗಿ ಬರುವುದಿಲ್ಲ ಅಂತ ನಿನಗೂ ಊರಿಗೂ ಹೇಳಿದ್ದೆ. ಆ ಮೇ ತಿಂಗಳಲ್ಲಿ ಒಂದು ದಿನ ಚಿಲಕ ಹಾಕಲು ಮರೆತೆ. ಅಮ್ಮ ಹೊರಗೆ ಹೋದಳು. ನಾನು ಕತ್ತರಿ ಹಿಡಿದುಕೊಂಡೇ ಎದ್ದೆ. ಅವಳು ಜಗಲಿಯ ಕಂಬ ಹಿಡಿದು ರಸ್ತೆ ನೋಡಿದಳು. ಎರಡು ಬಸ್ಸು ಹೋಯಿತು. ಆಮೇಲೆ ತಾನಾಗಿ ಒಳಗೆ ಬಂದು ಕೂತು ಚಾ ಕೇಳಿದಳು. ಇದನ್ನು ನಾನು ಕಣ್ಣಾರೆ ನೋಡಿದೆ ಶರ್ಮಿ. ನೋಡಿಯೂ ಮಾರನೇ ದಿನ ಚಿಲಕ ಹಾಕಿದೆ. ಮದುವೆಯ ಹೊಲಿಗೆ ರಾಶಿ ಬಿದ್ದಿತ್ತು, ನಡುನಡುವೆ ತಲೆ ಎತ್ತಿ ನೋಡುತ್ತಾ ಕೂರಲು ನನಗೆ ಪುರುಸೊತ್ತು ಇರಲಿಲ್ಲ.

ಅದಾಗಿ ಒಂಬತ್ತನೇ ದಿನ ಅಮ್ಮ ಬಿದ್ದಳು, ಮತ್ತೆ ಏಳಲಿಲ್ಲ. ಬಚ್ಚಲಿನಲ್ಲಿ ಜಾರಿದಳು ಅಂತ ನಿನಗೆ ಹೇಳಿದೆ, ಆಸ್ಪತ್ರೆಯಲ್ಲೂ ಹಾಗೇ ಬರೆಸಿದೆ. ಬಚ್ಚಲಿನಲ್ಲಲ್ಲ. ನಾನು ಹೊರಗಿನಿಂದ ಚಿಲಕ ಹಾಕಿ ಪಕ್ಕದ ಊರು ಕಂಬದಕೋಣೆಗೆ ಬಟ್ಟೆ ಕೊಡಲು ಹೋಗಿದ್ದೆ. ಬಂದು ಚಿಲಕ ತೆಗೆದು ದೂಡಿದರೆ ಬಾಗಿಲು ತೆರೆಯಲಿಲ್ಲ. ಒಳಗೆ ಅಮ್ಮ ಅದಕ್ಕೇ ಒರಗಿ ಬಿದ್ದಿದ್ದಳು.

ಹನ್ನೊಂದರ ದಿನ ನೀನು ಆ ಮಾತು ಆಡಿದಾಗ ನಿನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬಳಿಗೇ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು.