ಮಯಿಲನ ಕೊಂಬು

ಪೋತ್ತನೂರು
6 ಮಾರ್ಚ್ 2025, ಗುರುವಾರ

ಪ್ರೀತಿಯ ತಮ್ಮ ದಿವಾಕರನಿಗೆ ಅಕ್ಕ ಗೋಮತಿ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ? ಕಾಲಿನ ಕಜ್ಜಿ ವಾಸಿಯಾಯಿತೇ? ಹೋದ ಸಲ ಜಾಲರಿಯ ಆಚೆ ನಿಂತು ನೀನು ಕೆಮ್ಮಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಷಾಯದ ಪುಡಿ ತಂದಿದ್ದೆ, ಗೇಟಿನಲ್ಲೇ ತಡೆದರು. ಇಲ್ಲಿ ನಿನ್ನ ಭಾವ ಸೆಲ್ವಕುಮಾರ್ ಎಂದಿನಂತೆ ಬೆಳಿಗ್ಗೆ ರೈಲ್ವೆ ವರ್ಕ್‌ಶಾಪಿಗೆ ಹೋಗುತ್ತಾರೆ, ಮಧ್ಯಾಹ್ನ ಬಂದು ಸಾಂಬಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ಅಜ್ಜಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಕಾಗದವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಬೇಕೆಂತಲೇ. ನಮ್ಮವರಲ್ಲಿ ಕನ್ನಡ ಮನೆಯೊಳಗಿನ ಮಾತು, ಓದುಬರಹವೆಲ್ಲ ತಮಿಳು. ಕೊಳ್ಳೇಗಾಲದ ಕಡೆಯಿಂದ ಬಂದ ಅಮ್ಮ ನಮ್ಮಿಬ್ಬರ ಕಿವಿ ಹಿಂಡಿ ಕಲಿಸಿದ ಅಕ್ಷರ ಇವತ್ತು ಉಪಯೋಗಕ್ಕೆ ಬಂತು. ಕಾಗದ ಒಡೆದು ನೋಡುವ ವಾರ್ಡರ್ ಇದನ್ನು ತಿರುಗಿಸಿ ಮುರುಗಿಸಿ ನೋಡಿ ಸುಸ್ತಾಗಿ ನಿನ್ನ ಕೈಗೆ ಕೊಡಲಿ. ನೀನು ಮಾತ್ರ ಒಬ್ಬನೇ ಕೂತು ಓದು, ಕೊನೆಯವರೆಗೂ ಓದು.

ನೀನು ಹೇಳಿದ್ದು ನೆನಪಿದೆ. ಹದಿನೇಳನೇ ತಾರೀಖು ಸೋಮವಾರ ಬಿಡುಗಡೆ. ಒಡೆದ ಪದಕವನ್ನು ಸರಿಮಾಡಿಕೊಂಡು ನಾನು ಜೈಲಿನ ಗೇಟಿಗೆ ಬರಬೇಕು, ನಿನ್ನ ಕೊರಳಿಗೆ ಕಟ್ಟಬೇಕು, ನೀನು ಅಲ್ಲಿಂದ ನೇರವಾಗಿ ಸೂಲೂರಿಗೆ ಹೋಗಿ ಕುಮರೇಶನ್‌ನ ಇನ್ನೊಂದು ಕೈಯನ್ನೂ, ಆಮೇಲೆ ತಲೆಯನ್ನೂ ತೆಗೆಯುತ್ತೀಯ. ಇದನ್ನು ನೀನು ಬಸ್ಸಿನ ವೇಳೆ ಹೇಳುವಂತೆ ಹೇಳಿದೆ. ನಾನೂ ಆಗಲಿ ಎಂದು ತಲೆಯಾಡಿಸಿ ಬಂದೆ. ಸುಳ್ಳು ಹೇಳುವುದಿಲ್ಲ, ಆ ದಿನ ನನಗೂ ಅದು ಸರಿ ಎಂದೇ ಅನಿಸಿತ್ತು. ನಾವು ಬೆಳೆದದ್ದೇ ಹಾಗೆ. ಬೇರೆ ಮಕ್ಕಳಿಗೆ ಚಂದಮಾಮನನ್ನು ತೋರಿಸಿ ಅನ್ನ ತಿನ್ನಿಸಿದರೆ, ನಮಗೆ ಅಪ್ಪನ ಆ ಕಪ್ಪು ಎತ್ತಿನ ತಲೆಯ ಪದಕವನ್ನು ತೋರಿಸಿ ತಿನ್ನಿಸಿದರು. ಪಕ್ಕದ ಹೊಲದ ವೆಲ್ಲಿಂಗಿರಿ ಕಾಲುವೆ ನೀರಿನ ಜಗಳಕ್ಕೆ ನಮ್ಮ ಎತ್ತು ಮಯಿಲನ ಹಗ್ಗ ಕೊಯ್ದು ಬಿಟ್ಟ, ಅದು ತಾತ ವೇಲುಸಾಮಿಯ ಹೊಟ್ಟೆಗೆ ಕುತ್ತಿ ಕರುಳು ತೆಗೆಯಿತು, ಊರವರು ಗೂಟಗಳಿಂದ ಬಡಿದು ಎತ್ತನ್ನು ಕೊಂದರು, ಆಗಿನ್ನೂ ಚಿಕ್ಕವನಾಗಿದ್ದ ಮಗ ಮರೆಯದಿರಲಿ ಎಂದು ಅಜ್ಜಿ ಅದರ ಕೊಂಬಿನಲ್ಲೇ ಈ ಪದಕ ಮಾಡಿಸಿದಳು. ಮಾಟ್ಟುಪ್ಪೊಂಗಲ್ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನು ಅರಿಶಿನದ ನೀರಿನಲ್ಲಿ ನೆನೆಸಿಟ್ಟು, ಎತ್ತುಗಳ ಪೂಜೆಯ ನಂತರ ಅಪ್ಪ ಅದರ ಮೇಲೆ ಆಣೆ ಮಾಡುತ್ತಿದ್ದ. ವರ್ಷವರ್ಷಕ್ಕೆ ಅದರ ಮೇಲೆ ಕೂದಲೆಳೆಯಂಥ ಬಿರುಕುಗಳು ಹೆಚ್ಚಿದವು. ಮಯಿಲನ ಸಿಟ್ಟು ಹೊರಗೆ ಬರುತ್ತಿದೆ ಎಂದು ಮನೆಯವರೆಲ್ಲ ನಂಬಿದರು.

ನೀನು ತೊಟ್ಟಿಲಲ್ಲಿದ್ದಾಗ ಅಪ್ಪ ಸಂತೆಯ ನಡುವೆ ವೆಲ್ಲಿಂಗಿರಿಯ ಕತ್ತು ಕಡಿದ. ಪದಕವನ್ನು ಮನೆಯಲ್ಲೇ ಬಿಟ್ಟು ಹತ್ತು ವರ್ಷ ಜೈಲಿನಲ್ಲಿದ್ದು ಬಂದ. ಬಂದ ವರ್ಷವೇ ವೆಲ್ಲಿಂಗಿರಿಯ ಮಗ ಕಾಲುವೆ ಏರಿಯ ಮೇಲೆ ಅಪ್ಪನ ತಲೆಗೆ ಕಲ್ಲು ಎತ್ತಿ ಹಾಕಿದ. ಒಂದಲ್ಲ, ಮೂರು ಸಲ. ಮುಖವೇ ಇರಲಿಲ್ಲ. ಪದಕ ನೋಡಿ ಇದು ನಮ್ಮಪ್ಪ ಎಂದು ನಾನು ಹೇಳಿದೆ, ನೀನು ರಕ್ತದ ದಾರದಿಂದ ಅದನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡೆ. ಆರು ವರ್ಷದ ಹಿಂದೆ ಸೂಲೂರು ಬಸ್ ನಿಲ್ದಾಣದಲ್ಲಿ ವೆಲ್ಲಿಂಗಿರಿಯ ಮೊಮ್ಮಗ ಕುಮರೇಶನ್‌ನ ಬಲಗೈಯನ್ನು ನೀನು ಮಣಿಕಟ್ಟಿಗೆ ಕಡಿದಾಗ ಪದಕ ಕಿತ್ತು ಬಿದ್ದು ಯಾರದೋ ಕಾಲಿಗೆ ಸಿಕ್ಕಿ ಒಡೆಯಿತು. ಪೊಲೀಸರು ಬರುವ ಮೊದಲು ಚೂರುಗಳನ್ನು ನಾನೇ ಕೆಸರಿನಿಂದ ಆರಿಸಿಕೊಂಡೆ. ಆ ಕೈ ಅಲ್ಲೇ ಪಕ್ಕದಲ್ಲಿ ಬಿದ್ದಿತ್ತು, ಬೆರಳುಗಳು ಇನ್ನೂ ಆಡುತ್ತಿದ್ದವು. ನಾನು ಅದನ್ನು ದಾಟಿಕೊಂಡು ಬಂದೆ ತಮ್ಮಾ. ಹೋದ ತಿಂಗಳು ದಾರ ತರಲು ಹೋದಾಗ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಅವನನ್ನು ನೋಡಿದೆ. ಕಡಿದ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕುತ್ತಿದ್ದ.

ನನ್ನ ಕೆಲಸ ನಿನಗೆ ಗೊತ್ತು, ನೀನು ನಗುತ್ತಿದ್ದೆ, ಸತ್ತ ದನದ ಕೊಂಬಿಗೆ ಚಾಕರಿ ಮಾಡುತ್ತೀಯಾ ಅಕ್ಕಾ ಎಂದು. ಹದಿನೈದು ವರ್ಷದಿಂದ ಕೊಯಮತ್ತೂರಿನ ಹಳೆ ಸಾಮಾನಿನ ಅಂಗಡಿಯವರು ಕೊಂಬಿನ ಒಡವೆ ಬಂದರೆ ದುರಸ್ತಿಗೆ ನನಗೇ ಕಳಿಸುತ್ತಾರೆ. ಈಗ ಮೇಜಿನ ಮೇಲೆ ವಾಲ್ಪಾರೈ ಎಸ್ಟೇಟ್ ಬಂಗಲೆಯಿಂದ ಬಂದ ಏರೋಪ್ಲೇನ್ ಚಿಟ್ಟೆಯ ಬ್ರೂಚ್ ಒಂದಿದೆ. ಬೆಳಕಿಗೆ ಹಿಡಿದರೆ ರೆಕ್ಕೆಯೊಳಗೆ ಕೊಂಬಿನ ಎಳೆಗಳು ಸಾಲಾಗಿ ಕಾಣುತ್ತವೆ. ಹಿಂಬದಿಯ ಪಿನ್ನಿಗೆ ಬೀಗವಿಲ್ಲ, ಬರೀ ಕೊಕ್ಕೆ. ಹಾಗಾಗಿ ನೂರು ವರ್ಷಕ್ಕೂ ಹಳೆಯದು ಎಂದು ನನ್ನ ಅಂದಾಜು. ಸೊಟ್ಟಗಾದ ರೆಕ್ಕೆಯನ್ನು ಬಿಸಿಯಲ್ಲಿ ಮೆದು ಮಾಡಿ, ಎರಡು ತಗಡಿನ ನಡುವೆ ಒತ್ತಿ ನೇರ ಮಾಡಿದ್ದೇನೆ. ಇಷ್ಟೆಲ್ಲ ಗೊತ್ತಿದ್ದವಳು ನಮ್ಮ ಮನೆಯ ಪದಕವನ್ನು ಮಾತ್ರ ಒಂದು ದಿನವೂ ಪರೀಕ್ಷೆ ಮಾಡಿರಲಿಲ್ಲ. ಮನೆದೇವರನ್ನು ಅಸಲಿಯೋ ನಕಲಿಯೋ ಎಂದು ಯಾರಾದರೂ ಕೆರೆದು ನೋಡುತ್ತಾರೆಯೇ?

ಮೊನ್ನೆ ಸೋಮವಾರ ಬೆಳಿಗ್ಗೆ ಚೂರುಗಳನ್ನು ಹರಡಿಕೊಂಡು ಕೂತೆ. ಬಿರುಕುಗಳಲ್ಲಿ ಕಂದು ಬಣ್ಣದ ಕಸ ಗಟ್ಟಿಯಾಗಿತ್ತು. ಸೂಜಿಯಿಂದ ಕೆರೆದು ತೆಗೆಯುತ್ತಾ, ಇದರಲ್ಲಿ ಯಾವುದು ಅಪ್ಪನ ರಕ್ತ, ಯಾವುದು ವೆಲ್ಲಿಂಗಿರಿಯದು, ಯಾವುದು ಕುಮರೇಶನ್‌ನದು ಎಂದುಕೊಂಡು ಆ ಪುಡಿಯನ್ನು ಒಂದು ಕಾಗದದ ಮೇಲೆ ಕೂಡಿಸಿಟ್ಟೆ. ಪದಕದ ಎತ್ತಿನ ಒಂದು ಕೊಂಬಿನ ತುದಿ ಕಳೆದುಹೋಗಿದೆ. ಅಲ್ಲಿಗೆ ಬೇರೆ ಕೊಂಬಿನ ತುಂಡು ಕೂಡಿಸಬೇಕಾದರೆ ಎಳೆ ಯಾವ ಕಡೆಗೆ ಓಡುತ್ತದೆ ಎಂದು ತಿಳಿಯಬೇಕು. ಭೂತಗನ್ನಡಿ ಹಿಡಿದು ಒಡೆದ ಜಾಗವನ್ನು ನೋಡಿದೆ. ಎಳೆಯೇ ಇಲ್ಲ. ಎಲ್ಲ ಕಡೆಯೂ ಒಂದೇ ಸಮ, ಹೊರಗೆ ಮಾತ್ರ ಕಪ್ಪು, ಒಳಗೆ ಮಾಸಲು ಬಿಳಿ. ಸೂಜಿಯನ್ನು ಕೆಂಪಗೆ ಕಾಯಿಸಿ ಒಳಮೈಗೆ ಚುಚ್ಚಿದೆ. ಕೊಂಬಾಗಿದ್ದರೆ ಸುಟ್ಟ ಕೂದಲಿನ ವಾಸನೆ ಬರಬೇಕು. ಬಂದದ್ದು ಒಲೆಯ ಮೇಲೆ ಉಕ್ಕಿ ಸೀದ ಹಾಲಿನ ವಾಸನೆ. ಮೂರು ಸಲ ಚುಚ್ಚಿದೆ, ಮೂರು ಸಲವೂ ಹಾಲು. ಹಿಂದೆ ಹಾಲನ್ನು ಒಡೆಸಿ, ಗಟ್ಟಿ ಮಾಡಿ, ಬಣ್ಣ ಹಾಕಿ ಕೋಟಿನ ಗುಂಡಿ, ಬಾಚಣಿಗೆ, ಅಗ್ಗದ ಪದಕಗಳನ್ನು ಮಾಡುತ್ತಿದ್ದರು. ಅದನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮಯಿಲನ ಸಿಟ್ಟು ಎಂದು ನಾವು ಕೈಮುಗಿದದ್ದು ಅರಿಶಿನದ ನೀರಿನ ಕೆಲಸ.

ಅಜ್ಜಿ ಜಗುಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಚೂರನ್ನು ಅವಳ ಮಡಿಲಿಗೆ ಎಸೆದು, ಇದು ಕೊಂಬಲ್ಲ ಎಂದೆ. ಅವಳು ತಲೆ ಎತ್ತದೆಯೇ ಹೌದೆಂದು ಒಪ್ಪಿಕೊಂಡಳು. "ಆಮಾ ಕಣ್ಣು, ಜಂಕ್ಷನ್ ಹತ್ರ ತಗೊಂಡಿದ್ದು. ಆ ಮೂಗಜೀವದ್ ಕೊಂಬು ಕುಯ್ಯಾಕೆ ನಂಗ್ ಕೈ ಬರ್ಲಿಲ್ಲ" ಎಂದಳು. ಯಾಕೆ ಎಂದು ಕೇಳಿದೆ. ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆಯೇ ಹೇಳಿದಳು, "ಅದು ಕುತ್ಲಿಲ್ಲ. ನಾನ್ ಕುತ್ತಿದ್ದು."

ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ತಾತ ದಿನವೂ ಬಾವಿಯ ನೆನೆದ ಹಗ್ಗದಿಂದ ಅವಳನ್ನು ಹೊಡೆಯುತ್ತಿದ್ದನಂತೆ. ಆ ದಿನ ಆರು ತಿಂಗಳ ಬಸುರಿಯ ಹೊಟ್ಟೆಗೆ ಒದ್ದನಂತೆ. ಕಾಲಿನ ನಡುವೆ ರಕ್ತ ಇಳಿಯುತ್ತಿರುವಾಗಲೇ ಅವಳು ಬಾವಿಕಟ್ಟೆಯ ಹಾರೆ ಎತ್ತಿ ಅವನ ಹೊಟ್ಟೆಗೆ ಇಳಿಸಿದಳು. ಎಳೆದು ಇನ್ನೊಂದು ಸಲ ಇಳಿಸಿದಳು. ಆಮೇಲೆ ಹಾರೆಯನ್ನು ಬಾವಿಗೆ ಹಾಕಿ, ಮಯಿಲನ ಹಗ್ಗ ಕೊಯ್ದು, ಅದರ ಕೊಂಬಿಗೆ ರಕ್ತ ಬಳಿದು ಕೂಗಿದಳು. ಅದು ಅವಳೇ ತವರಿನಿಂದ ತಂದು ಹಿಂಡಿ ಹಾಕಿ ಬೆಳೆಸಿದ ಕರು. ಊರವರು ಬಡಿಯುವಾಗಲೂ ಅದು ಓಡದೆ ಅವಳ ಕಡೆಗೇ ಬಂತಂತೆ. ಹಗ್ಗ ಕೊಯ್ದದ್ದು ಯಾರು ಎಂದು ಕೇಳಿದಾಗ, ಆಚೆ ಬದುವಿನಲ್ಲಿ ನಿಂತಿದ್ದ ವೆಲ್ಲಿಂಗಿರಿಯ ಕಡೆಗೆ ಅವಳ ಬೆರಳು ಹೋಯಿತು. ಕಾಲುವೆಯ ಜಗಳ ಇದ್ದದ್ದರಿಂದ ಎಲ್ಲರೂ ನಂಬಿದರು. ಮಗ ದೊಡ್ಡವನಾಗಿ ಮಚ್ಚು ಹಿಡಿದು ಹೊರಟಾಗಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಾಕೆ ಬಾಯ್ ತೆಗ್ದೆ ಸಾಮಿ, ಅಷ್ಟ್ರಲ್ಲಿ ಅವ್ನು ಬೀದಿ ದಾಟಿಬುಟ್ಟ" ಎಂದಳು.

ನಾನು ಅವಳ ಕೆನ್ನೆಗೆ ಹೊಡೆದೆ ದಿವಾಕರ. ಎಂಬತ್ತೇಳು ವರ್ಷದ ಕೆನ್ನೆ. ಒಂದು ಏಟಿಗೆ ನಿಲ್ಲಲಿಲ್ಲ, ತುಟಿ ಒಡೆದು ಸೊಪ್ಪಿನ ಮೇಲೆ ರಕ್ತ ಬಿತ್ತು. ಇನ್ನೂ ಹೊಡೆಯುತ್ತಿದ್ದೆ, ನಿನ್ನ ಭಾವ ಓಡಿಬಂದು ಕೈ ಹಿಡಿದರು. ಅವಳು ತಡೆಯಲಿಲ್ಲ, ಅಳಲೂ ಇಲ್ಲ. ನನ್ನ ಅಂಗೈ ಮೂರು ದಿನದಿಂದ ಉರಿಯುತ್ತಿದೆ. ಇಷ್ಟು ದಿನ ನಿನ್ನನ್ನು ಮುಂಗೋಪಿ ಎಂದು ಬೈಯುತ್ತಿದ್ದೆ, ಆ ಕೈ ನನ್ನದೂ ಹೌದು ಎಂದು ಈಗ ಗೊತ್ತಾಯಿತು. ಅವಳನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ, ಆ ಹಾರೆಗಾಗಿ ಅವಳನ್ನು ದೂರಲೂ ಆಗುತ್ತಿಲ್ಲ.

ಪದಕವನ್ನು ಅಂಟಿಸಿದ್ದೇನೆ. ಒಳ್ಳೆಯ ಕೆಲಸವೇ ಆಗಿದೆ, ಕೂಡಿದ ಜಾಗ ಕಾಣುವುದಿಲ್ಲ. ಆದರೆ ನಿನ್ನ ಕೊರಳಿಗೆ ಕಟ್ಟುವುದಿಲ್ಲ. ವೆಲ್ಲಿಂಗಿರಿ ಏನೂ ಮಾಡಿರಲಿಲ್ಲ. ಅಪ್ಪ ಕೊಂದದ್ದು ತಪ್ಪಿಲ್ಲದವನನ್ನು, ನೀನು ಕಡಿದದ್ದು ತಪ್ಪಿಲ್ಲದವನ ಕೈಯನ್ನು. ಓದಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಡ. ಕೆಮ್ಮಿಗೆ ಬಿಸಿನೀರು ಕೇಳಿ ಕುಡಿ. ಭಾವ ನಿನ್ನನ್ನು ಕೇಳಿದರು ಎಂದು ತಿಳಿಸಲು ಹೇಳಿದ್ದಾರೆ. ನಿನಗೆ ಇನ್ನು ಮೇಲಾದರೂ ನೆಮ್ಮದಿಯ ನಿದ್ದೆ ಬರಲಿ ಎಂದು ಹರಸುವ,

ನಿನ್ನ ಅಕ್ಕ
ಗೋಮತಿ

ಮರೆತ ಮಾತು: ಕವರಿಗೆ ಅಂಟು ಹಚ್ಚುತ್ತಿದ್ದೆ, ಪಕ್ಕದ ಮನೆಯ ಸಾಂತಿ ಬಂದು ಅಜ್ಜಿ ಸೂಲೂರು ಬಸ್ಸು ಹತ್ತಿದಳು ಎಂದಳು. ಮೇಜಿನ ಮೇಲೆ ಪದಕವಿಲ್ಲ. ಕುಮರೇಶನ್ ಮನೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ, ಅವರು ಏನು ಮಾಡಿದರೂ ಮಾಡಲಿ ಎಂದಳಂತೆ. ನಾನೂ ಈಗಲೇ ಹೊರಟೆ, ದಾರಿಯಲ್ಲಿ ಇದನ್ನು ಅಂಚೆ ಪೆಟ್ಟಿಗೆಗೆ ಹಾಕುತ್ತೇನೆ. ತಮ್ಮಾ, ಆ ಮನೆಯಲ್ಲಿ ಅವಳಿಗೆ ಏನೇ ಆಗಲಿ, ನೀನು ಕೈ ಎತ್ತಕೂಡದು. ಬಿಡುಗಡೆಯ ದಿನ ಗೇಟಿನ ಹತ್ತಿರ ನಾನೊಬ್ಬಳೇ ನಿಂತಿದ್ದರೆ, ಅಜ್ಜಿ ಎಲ್ಲಿ ಎಂದು ಕೇಳಬೇಡ. ಸುಮ್ಮನೆ ನನ್ನ ಜೊತೆ ಮನೆಗೆ ಬಾ.