ಮೇಲೆದ್ದ ಒಂದೇ ಕೈ

ಸೇತುವೆ ಠಾಣೆಯ ಅಡುಗೆಮನೆ
ಗುರುವಾರ, ಬೆಳಗಿನ ತಿಂಡಿ ಬಡಿಸಿ ಮುಗಿದ ಮೇಲೆ

ಪ್ರೀತಿಯ ತಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಸಭೆಯ ನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ನಿನ್ನ ಕೆಲಸವನ್ನೇನೂ ಯಾರೂ ಕಿತ್ತುಕೊಳ್ಳುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ನನ್ನ ಮಗನೂ ಸೊಸೆಯೂ ಆರೋಗ್ಯವಾಗಿದ್ದಾರೆ. ಮೊಮ್ಮಗಳು ಈಗ ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. ಗೋಡೆ ಮುಗಿದ ಕಡೆ ನಿಂತು, ಯಾರಾದರೂ ಇನ್ನಷ್ಟು ಗೋಡೆ ಕಟ್ಟಿಕೊಡಲಿ ಎಂಬಂತೆ ನಮ್ಮ ಮುಖ ನೋಡುತ್ತಾಳೆ. ಆಚೆ ದಡದ ದೊಡ್ಡಕ್ಕನ ಕಣ್ಣು ಮಾತ್ರ ಇನ್ನೂ ಮಸುಕಾಗಿದೆ. ಮೊನ್ನೆ ಒಲೆ ಹತ್ತಿಸಲು ಹೋಗಿ ಸೆರಗು ಸುಟ್ಟುಕೊಂಡಳು. ದೇವರು ದೊಡ್ಡವನು, ಕೈಗೆ ಏನೂ ಆಗಲಿಲ್ಲ. ಅವತ್ತಿನಿಂದ ನಾನು ಇಲ್ಲದಾಗ ಒಲೆ ಮುಟ್ಟಬೇಡ ಎಂದು ಆಣೆ ಹಾಕಿಸಿದ್ದೇನೆ. ದಿನಾ ಇಲ್ಲಿ ತಿಂಡಿ ಬಡಿಸಿದ ಮೇಲೆ ಠಾಣೆಯ ಬಿಳಿ ಗಾಡಿಯಲ್ಲಿ ಹೋಗಿ ಅಡುಗೆ ಮಾಡಿಟ್ಟು, ಕಣ್ಣಿಗೆ ಔಷಧಿ ಬಿಟ್ಟು, ಸಂಜೆ ಅದೇ ಗಾಡಿಯಲ್ಲಿ ವಾಪಸು ಬರುತ್ತೇನೆ.

ಬರುತ್ತಿದ್ದೆ ಎಂದು ಬರೆಯಬೇಕಿತ್ತು. ನಿನಗೆ ಸುದ್ದಿ ನನಗಿಂತ ಮೊದಲೇ ಗೊತ್ತು. ಆ ಸಭೆಯಲ್ಲೇ ಇದ್ದವನು ನೀನು. ಆದರೂ ಇಲ್ಲಿ ಅದು ಹೇಗೆ ಬಂದು ಮುಟ್ಟಿತು ಎಂದು ನಿನಗೆ ತಿಳಿಯದು, ಅದಕ್ಕೇ ಬರೆಯುತ್ತಿದ್ದೇನೆ. ದೇಶದೇಶಗಳವರು ಕೂರುವ ನಿಮ್ಮ ಮಂಡಳಿಯಲ್ಲಿ ಓಟು ಹಾಕುವುದನ್ನು ಟೀವಿಯಲ್ಲಿ ತೋರಿಸುತ್ತಾರೆಂದು ಕೇಳಿ ಊಟದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇತುವೆ ಕಾಯಲು ಮಂಡಳಿಯವರು ಇಟ್ಟ ಈ ಠಾಣೆ ಇನ್ನೊಂದು ವರ್ಷ ಇರಬೇಕೋ ಬೇಡವೋ ಎಂಬುದೇ ಪ್ರಶ್ನೆ. ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆದವನನ್ನೂ ಕರೆದುಕೊಂಡು ಬಂದಿದ್ದ. ಬೇಕು ಅನ್ನುವವರು ಯಾರು ಎಂದಾಗ ಮೇಜಿನ ಸುತ್ತ ಕೈಗಳು ಸಾಲಾಗಿ ಎದ್ದವು. ಹಿಂದಿನ ಕುರ್ಚಿಯಲ್ಲಿ ನಿನ್ನ ಮುಖ ಒಂದು ಕ್ಷಣ ಕಂಡಿತು. "ಅದೋ ನನ್ನ ತಮ್ಮ!" ಎಂದು ಕೂಗಿ ಸೌಟು ಬೀಳಿಸಿದೆ. ಬೇಡ ಅನ್ನುವವರು ಯಾರು ಎಂದಾಗ ಒಂದೇ ಒಂದು ಕೈ ಎದ್ದಿತು. ಕೋಣೆಯ ತುಂಬ ಚಪ್ಪಾಳೆ. ಕ್ಷೌರದವನು, "ಪಾಪ, ಒಬ್ಬನೇ ಆಗ್ಬಿಟ್ಟ ಕಣ್ರೋ, ಅವನಿಗೂ ಒಂದು ಚಮಚ ಸಕ್ಕರೆ ಕಳಿಸ್ರೋ!" ಎಂದ. ಡಬ್ಬಿಯಲ್ಲಿದ್ದ ಸಕ್ಕರೆಯನ್ನೆಲ್ಲ ನಾನೇ ಕೈಯಾರೆ ಹಂಚಿದೆ ಕಣೋ. ದೇವರಿಗೆ ಕೈ ಮುಗಿದೂ ಆಯಿತು.

ನಮ್ಮ ಠಾಣೆಯ ಅಧಿಕಾರಿ, ಅದೇ, ಬಾಗಿಲಿಗೆ ತಲೆ ತಗ್ಗಿಸಿಯೇ ಒಳಗೆ ಬರುವ ಉದ್ದಪ್ಪ, ಅವರೊಬ್ಬರೇ ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದು ಹಾಗೇ ಕೂತಿದ್ದರು. "ಬಾಯಿಗೆ ಹಾಕ್ಕೊಳ್ಳಿ ಸಾಹೇಬ್ರೇ, ಗೆದ್ದೆವಲ್ಲ" ಎಂದೆ. "ಇಲ್ಲಮ್ಮ, ಸೋತೆವು. ಆ ಒಂದು ಕೈ ಎದ್ದರೆ ಉಳಿದ ಕೈಗಳು ಲೆಕ್ಕಕ್ಕಿಲ್ಲ" ಎಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರ ಮುಖ ನೋಡಿದ ಮೇಲೆ ನೀನು ಹೇಳಿದ್ದ ಮಾತು ನೆನಪಾಯಿತು. ಕ್ಷೌರದವನು ಆ ಅರ್ಧ ಗಡ್ಡದವನ ತೋಳು ಹಿಡಿದು ಎದ್ದುಹೋದ.

ಹಿಂದಿನ ಸಲ ನೀನು ಬಂದಾಗ ಇದೇ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನಿನ್ನ ಕೆಲಸ ವಿವರಿಸಿದ್ದೆ. ಆ ಮಂಡಳಿಯಲ್ಲಿ ಕೆಲವೇ ದೊಡ್ಡ ದೇಶಗಳಿಗೆ ಒಬ್ಬರೇ 'ಬೇಡ' ಅಂದು ಎಲ್ಲವನ್ನೂ ನಿಲ್ಲಿಸುವ ಹಕ್ಕಿದೆ, ಅದನ್ನು ತೆಗೆಸುವ ಅಥವಾ ಕಡಿಮೆ ಮಾಡಿಸುವ ಕರಡು ಬರೆಯುವುದೇ ನನ್ನ ಕೆಲಸ ಎಂದು ನೀನು ಹೇಳಿದೆ. ತೆಗೆಸಲು ಯಾರ ಒಪ್ಪಿಗೆ ಬೇಕೋ ಎಂದು ನಾನು ಕೇಳಿದರೆ, "ಅವರದೇ ಬೇಕು ಅಕ್ಕಾ" ಎಂದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊಸ ದೇಶಗಳಿಗೂ ಮಂಡಳಿಯಲ್ಲಿ ಜಾಗ ಕೊಡಿಸೋಣ ಎಂದರೆ ಯಾರಿಗೆ ಎಂದು ಅವರವರಲ್ಲೇ ಜಗಳ, ಪಕ್ಕದ ದೇಶಕ್ಕೆ ಸಿಗುವುದಾದರೆ ಯಾರಿಗೂ ಬೇಡ ಅನ್ನುತ್ತಾರೆ ಎಂದೂ ಹೇಳಿದೆ. ಬಸ್ಸಿನಲ್ಲಿ ಕೂತವರು ಏಳುವುದಿಲ್ಲ, ನಿಂತವರು ಆ ಸೀಟು ತನಗೆ ತನಗೆ ಎಂದು ಕಚ್ಚಾಡುತ್ತಾರೆ, ನೀನು ಕಂಡಕ್ಟರ್ ಕೂಡ ಅಲ್ಲ, ಎಂದು ನಾನು ಅಂದಿದ್ದೆ. ನೀನೂ ನಕ್ಕಿದ್ದೆ. ಹೋಗುವಾಗ ನೀನು, "ಇನ್ನೊಂದೆರಡು ವರ್ಷ, ಏನಾದರೂ ಆಗೇ ಆಗುತ್ತೆ" ಎಂದೆ.

ನಿನ್ನನ್ನು ದೂರುತ್ತಿಲ್ಲಪ್ಪ. ಈ ಠಾಣೆಯವರ ಕೈಯಲ್ಲಿ ಕೋವಿ ಇಲ್ಲ, ಯಾರನ್ನೂ ಹಿಡಿಯುವ ಅಧಿಕಾರವಿಲ್ಲ. ಸೇತುವೆಯ ನಡುವೆ ಗಾಡಿ ನಿಲ್ಲಿಸಿ, ಎರಡೂ ಕಡೆಯ ಸೈನಿಕರಿಗೆ ಕಾಣುವಂತೆ ಸುಮ್ಮನೆ ನಿಂತಿರುತ್ತಾರೆ. ಇದೆಂಥ ಕಾವಲು ಎಂದು ಮೊದಮೊದಲು ನಾವೇ ಆಡಿಕೊಂಡೆವು. ಆದರೆ ಒಬ್ಬರು ನೋಡುತ್ತಿದ್ದಾರೆ ಎಂದಾಗ ಗುಂಡು ಹಾರಿಸುವವನ ಕೈಯೂ ಹಿಂಜರಿಯುತ್ತದೆ. ಅಷ್ಟರಲ್ಲೇ ನಾವು ದಾಟಿ ಹೋಗಿ ಬಂದು ಬದುಕಿದೆವು. ಗಾಡಿ ಹೋದರೆ ಎರಡೂ ಕಡೆಯವರು ಸೇತುವೆ ಮುಚ್ಚುತ್ತಾರೆ, ಮುಳ್ಳುತಂತಿಯ ಸುರುಳಿಗಳು ಆಗಲೇ ಬಂದು ಬಿದ್ದಿವೆ. ದೊಡ್ಡಕ್ಕನನ್ನು ಈಚೆಗೆ ಕರೆತರೋಣವೆಂದರೆ ಆ ದಡದವರನ್ನು ಇಲ್ಲಿ ಉಳಿಯಲು ಬಿಡುವುದಿಲ್ಲ. ಉದ್ದಪ್ಪನವರು ಎರಡು ಕಡೆಗೂ ಹೋಗಿ ಕೇಳಿ ನೋಡಿದರು. "ನನ್ನ ಚಿಂತೆ ಬಿಡೇ, ನೀನು ಮೊಮ್ಮಗಳನ್ನು ನೋಡ್ಕೋ. ನನಗೆ ಬೆಳಕು ಕತ್ತಲೆ ಎರಡೂ ಒಂದೇ" ಎಂದು ಅವಳು ಬೈದು ಕಳಿಸಿದಳು. ಬೈಯುವಾಗಲೂ ನನ್ನ ಕೈ ಬಿಟ್ಟಿರಲಿಲ್ಲ.

ರಾಜೀನಾಮೆ ಕೊಡುತ್ತೇನೆ ಎಂದು ಬರೆದಿದ್ದೀಯ. ಬೇಡ. ನೀನು ಎದ್ದು ಬಂದರೆ ಆ ಕುರ್ಚಿಯಲ್ಲಿ ಈ ಸೇತುವೆ ಹೇಗಿದೆ ಎಂದೇ ಗೊತ್ತಿಲ್ಲದವನು ಕೂರುತ್ತಾನೆ. ಕರಡನ್ನು ಅವರು ಹರಿದರೆ ಮತ್ತೆ ಬರೆ. ಪ್ರಾರ್ಥನೆಯೂ ಹಾಗೇ ಅಲ್ಲವೇನೋ? ಕೇಳಿದ್ದು ಸಿಗಲಿಲ್ಲವೆಂದು ನಾಳೆ ಬೆಳಗ್ಗೆ ಕೈ ಮುಗಿಯದೆ ಇರುತ್ತೇನೆಯೇ? ಆದರೆ ಒಂದು ಮಾತು ಹೇಳುತ್ತೇನೆ, ನೊಂದುಕೊಳ್ಳಬೇಡ. ನಿಮ್ಮ ಮೇಜಿನ ಮೇಲೆ ಒಂದು ವರ್ಷ ತಡವಾದರೆ ಇನ್ನೊಂದು ವರ್ಷ ಬರುತ್ತದೆ. ಇಲ್ಲಿ ಅದು ಒಬ್ಬಳ ಕಣ್ಣು.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ದೇವರು ನಿನಗೆ ಆಯಸ್ಸು, ಆರೋಗ್ಯ, ಇನ್ನಷ್ಟು ಮೊಂಡುತನ ಕೊಡಲಿ.

ಇಂತಿ,
ನಿನ್ನ ಚಿಕ್ಕಕ್ಕ

ಮರೆತ ಮಾತು: ಬಾವುಟ ಇಳಿಸಲು ಗಾಡಿ ಇವತ್ತು ಕೊನೆಯ ಸಲ ಆಚೆ ದಡಕ್ಕೆ ಹೋಗುತ್ತಿದೆ, ಅಲ್ಲಿಂದ ಹಾಗೇ ಬೇರೆ ದಾರಿಯಲ್ಲಿ ಹೊರಟುಹೋಗುತ್ತದೆ. ನಾನೂ ಅದರಲ್ಲಿ ಹೋಗುತ್ತಿದ್ದೇನೆ. ವಾಪಸು ಬರಲು ಗಾಡಿ ಇಲ್ಲ. ಒಂದು ಗಂಟು ಬಟ್ಟೆ, ದೊಡ್ಡಕ್ಕನ ಔಷಧಿ ಕಟ್ಟಿಕೊಂಡಿದ್ದೇನೆ. ಸೊಸೆಗೆ ಮಾತ್ರ ಹೇಳಿದ್ದೇನೆ. ಅತ್ತಳು, ಆದರೆ ತಡೆಯಲಿಲ್ಲ. ಮಗು ನಿದ್ದೆಯಲ್ಲಿದ್ದಾಗಲೇ ಮನೆಯಿಂದ ಹೊರಟೆ. ಈ ಕಾಗದವನ್ನು ಉದ್ದಪ್ಪನವರೇ ನಿನಗೆ ತಲುಪಿಸುತ್ತಾರೆ. ಆ ದಡದಿಂದ ಇನ್ನು ಅಂಚೆ ಬರುವುದಿಲ್ಲ, ಕಾಯಬೇಡ. ನನ್ನ ಮಗ ಸಂಜೆ ಕೆಲಸದಿಂದ ಬಂದು ವಿಷಯ ತಿಳಿದರೆ ಕೆಂಡವಾಗುತ್ತಾನೆ. ರಜೆ ಹಾಕಿ ಒಮ್ಮೆ ಬಂದು ಹೋಗು. ಅವನು ನಿನ್ನ ಮೇಲೆ ಹರಿಹಾಯ್ದರೆ ಬೈಸಿಕೊಂಡು ಕೂತಿರು, ಹೊಡೆದರೂ ಸಹಿಸಿಕೋ. ಅಮ್ಮ ಯಾಕೆ ಹೋದಳು ಎಂದು ಕೇಳಿದರೆ ನಿಮ್ಮ ದೊಡ್ಡಮ್ಮನಿಗೆ ಕಣ್ಣು ಕಾಣಿಸುವುದಿಲ್ಲ ಎಂದಷ್ಟೇ ಹೇಳು. ನಿಯಮ ವಿವರಿಸಲು ಮಾತ್ರ ಹೋಗಬೇಡ.